ತಾಯಿಯ ರಕ್ಷಣೆಯೂ ರಾಜ್ಯದ ರಕ್ಷಣೆಯೇ

ಅಂದಾಜುಪತ್ರಕದ ಕಾಲ ಬಂದಿತೆಂದರೆ ನಮ್ಮ ಕಾಯಿದೆಮಂಡಲಗಳಲ್ಲಿ ಒಂದು ವಿಚಿತ್ರವು ಪ್ರತಿ ವರುಷವೂ ಕಾಣಬರುತ್ತದೆ. ದಂಡು, ಪೋಲೀಸು ಠಾಣೆ, ಗಡಿಯ ಕಾವಲು ಎಂಬ ಮಾತು ಹೊರಟೊಡನೆ ಎಲ್ಲ ಪಕ್ಷಗಳ ಸದಸ್ಯರೂ ಕೈಯೆತ್ತುತ್ತಾರೆ. ತಾಲೂಕಿನ ದವಾಖಾನೆಗೆ ಒಬ್ಬ ಪ್ರಸೂತಿ ತಜ್ಞೆ ಬೇಕೆಂದೊಡನೆ ಬೊಕ್ಕಸದ ಬಡತನವು ನೆನಪಾಗುತ್ತದೆ. ಮೊದಲನೆಯ ಖರ್ಚಿಗೆ ರಕ್ಷಣೆಯೆಂದು ಹೆಸರು, ಎರಡನೆಯದಕ್ಕೆ ಕಲ್ಯಾಣವೆಂದು ಹೆಸರು. ರಕ್ಷಣೆಯು ಕರ್ತವ್ಯವೆಂದೂ ಕಲ್ಯಾಣವು ಔದಾರ್ಯವೆಂದೂ ನಾವೆಲ್ಲರೂ ಸಾವಕಾಶವಾಗಿ ನಂಬಿಬಿಟ್ಟಿದ್ದೇವೆ. ಈ ಭೇದವು ಎಲ್ಲಿಂದ ಬಂದಿತು, ಅದನ್ನು ಒಪ್ಪದೆ ನಿಂತ ಒಬ್ಬ ಶಾಸಕರು ಏನು ಹೇಳಿದರು, ಆ ಮಾತಿಗೂ ಇಂದಿನ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹೆಣ್ಣುಮಕ್ಕಳಿಗೂ ಇರುವ ಸಂಬಂಧವೇನು ಎಂಬದನ್ನು ನಮ್ಮ ವಾಚಕರ ಮುಂದಿಡಬಯಸುತ್ತೇವೆ.

ದೇಶದ ರಕ್ಷಣೆಗೆ ಮಾಡುವ ವೆಚ್ಚವನ್ನು ನಾವು ಹಳಿಯುವವರಲ್ಲ. ಬೆಳಗಾವಿಯು ಮರಾಠಾ ಲಘು ಪದಾತಿದಳದ ಕೇಂದ್ರ. ಈ ಸೀಮೆಯ ಹಳ್ಳಿಗಳಲ್ಲಿ ದಂಡಿಗೆ ಹೋಗಿ ಬಂದವರ ಮನೆಗಳು ಸಾಕಷ್ಟಿವೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಡನೆ ಘರ್ಷಣೆಯು ನಡೆದಾಗ ಸೈನ್ಯದ ಪರವಾಗಿ ರಾಷ್ಟ್ರಕ್ಕೆ ವರದಿಯನ್ನೊಪ್ಪಿಸಿದ ಕರ್ನಲ್ ಸೋಫಿಯಾ ಕುರೇಶಿಯವರು ಗೋಕಾಕ ತಾಲೂಕಿನ ಕೊಣ್ಣೂರಿನ ಸೊಸೆ. ಆ ದಿನಗಳಲ್ಲಿ ಕೊಣ್ಣೂರಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು, ನಮಗೂ ಅಭಿಮಾನವೆನಿಸಿತು. 2025-26ರ ಸಾಲಿಗೆ ಕೇಂದ್ರ ಸರಕಾರವು ರಕ್ಷಣಾಖಾತೆಗೆ 6,81,210 ಕೋಟಿ ರೂಪಾಯಿಗಳನ್ನು ತೆಗೆದಿರಿಸಿತು. ಅದೇ ಸಾಲಿನಲ್ಲಿ ಆರೋಗ್ಯದ ಖಾತೆಗೆ ದೊರೆತುದು ಲಕ್ಷ ಕೋಟಿಗೆ ತುಸು ಕಡಿಮೆ. ಆರೋಗ್ಯದ ಭಾರವು ಬಹುಮಟ್ಟಿಗೆ ಪ್ರಾಂತಗಳ ಮೇಲಿರುವದರಿಂದ ಈ ಎರಡು ಅಂಕಿಗಳನ್ನು ಎದುರುಬದುರು ನಿಲ್ಲಿಸಿ ಗದ್ದಲವೆಬ್ಬಿಸುವದು ನ್ಯಾಯವಲ್ಲ. ಒಬ್ಬ ಹೆಣ್ಣುಮಗಳು ದೇಶವನ್ನು ಕಾಯಲು ಹೋಗುತ್ತಾಳೆ. ಅವಳ ಊರಿನ ಇನ್ನೊಬ್ಬ ಹೆಣ್ಣುಮಗಳು ಹೆರಿಗೆಗೆ ಹೋಗುತ್ತಾಳೆ. ಇಬ್ಬರೂ ಜೀವವನ್ನು ಪಣಕ್ಕಿಟ್ಟು ಹೋಗುವವರೇ. ಸರಕಾರವು ಒಬ್ಬಳ ಬೆನ್ನಿಗೆ ಮಾತ್ರ ನಿಲ್ಲಬೇಕೆಂಬ ಶಾಸ್ತ್ರವನ್ನು ಯಾರು ಬರೆದರು?

ಬರೆದವರು ಪರಕೀಯರು. 1919ರ ಸುಧಾರಣಾ ಕಾಯಿದೆಯಿಂದ 1921ರಲ್ಲಿ ಪ್ರಾಂತಗಳಲ್ಲಿ ದ್ವಿಮುಖ ರಾಜ್ಯಭಾರವು ಆರಂಭವಾಯಿತು. ಪೋಲೀಸು, ಸೆರೆಮನೆ, ಭೂಕಂದಾಯ ಮತ್ತು ಹಣಕಾಸು ಇವು ಗವರ್ನರರ ಕೈಯಲ್ಲಿ ಕಾಯ್ದಿಟ್ಟ ಖಾತೆಗಳು. ಶಿಕ್ಷಣ, ವೈದ್ಯಕೀಯ, ಸಾರ್ವಜನಿಕ ಆರೋಗ್ಯ ಮೊದಲಾದುವು ಚುನಾಯಿತ ಪಕ್ಷದ ಮಂತ್ರಿಗಳಿಗೆ ವಹಿಸಿಕೊಟ್ಟ ಖಾತೆಗಳು. ಜನರನ್ನು ಹಿಡಿದಿಡುವ ಕೆಲಸಕ್ಕೆ ಹಣವು ಮೊದಲು. ಜನರನ್ನು ಬದುಕಿಸುವ ಕೆಲಸಕ್ಕೆ ಉಳಿದದ್ದು. ಹಣದ ಚೀಲದ ಬಾಯಿ ಒಬ್ಬರ ಕೈಯಲ್ಲಿ, ಬೇಡುವ ಬಾಯಿ ಇನ್ನೊಬ್ಬರದು. ಆ ಪದ್ಧತಿಯು 1937ರಲ್ಲಿ ಪ್ರಾಂತಗಳಿಂದ ಅಳಿಯಿತು. ಆದರೆ ಅದು ಕಲಿಸಿಹೋದ ಲೆಕ್ಕದ ರೀತಿಯು ಅಳಿಯಲಿಲ್ಲ ಎಂಬದೇ ನಮ್ಮ ಕೊರಗು.

ಈ ಲೆಕ್ಕಕ್ಕೆ ಎದುರಾದ ಒಂದು ಭಾಷಣವು 1928ನೆಯ ಇಸವಿ ಜುಲೈ ತಿಂಗಳ 28ರಂದು ಮುಂಬಯಿ ಕಾಯಿದೆ ಕೌನ್ಸಿಲಿನಲ್ಲಿ ನಡೆಯಿತು. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಇಲಾಖೆಯಲ್ಲಿತ್ತೆಂಬದನ್ನು ಹಿರಿಯ ವಾಚಕರಿಗೆ ನೆನಪಿಸಬೇಕಾಗಿಲ್ಲ. ಗಿರಣಿಗಳಲ್ಲಿ ದುಡಿಯುವ ಸ್ತ್ರೀಯರಿಗೆ ಹೆರಿಗೆಯ ಕಾಲದಲ್ಲಿ ವಿಶ್ರಾಂತಿಯನ್ನೂ ವೇತನಕ್ಕೆ ಬದಲಾಗಿ ಸಹಾಯಧನವನ್ನೂ ಕೊಡಿಸಬೇಕೆಂಬ ಮಸೂದೆಯನ್ನು ಕೌನ್ಸಿಲಿನ ಸದಸ್ಯರಾದ ಆಸವಲೆಯವರು ತಂದಿದ್ದರು. ಹಿಂದಿನ ವರುಷವಷ್ಟೇ ನಾಮಕರಣದಿಂದ ಕೌನ್ಸಿಲನ್ನು ಪ್ರವೇಶಿಸಿದ್ದ ಡಾಕ್ಟರ ಭೀಮರಾವ ಅಂಬೇಡಕರರು ಅದನ್ನು ಬೆಂಬಲಿಸಿ ಎದ್ದು ನಿಂತರು. ಹೆರಿಗೆಗೆ ಮುಂಚೆಯೂ ಅನಂತರವೂ ತಾಯಿಗೆ ವಿಶ್ರಾಂತಿ ದೊರೆಯುವದು ರಾಷ್ಟ್ರದ ಹಿತಕ್ಕೆ ಸೇರಿದ್ದೆಂಬದು ಅವರ ವಾದದ ತಳಹದಿ. ತಳಹದಿಯು ಹೀಗಿರುವಾಗ ಖರ್ಚಿನ ಹೆಚ್ಚಿನ ಪಾಲನ್ನು ಸರಕಾರವೇ ಹೊರಬೇಕು, ಏಕೆಂದರೆ ಪ್ರಜೆಗಳ ಕ್ಷೇಮವನ್ನು ಕಾಪಾಡುವದು ಮೊದಲಿಗೆ ಸರಕಾರದ ಹೊಣೆ ಎಂದು ಅವರು ಸ್ಪಷ್ಟವಾಗಿ ಒಪ್ಪಿಕೊಂಡರು. ಆದರೆ ಮಾಲಿಕನನ್ನು ಅವರು ಬಿಟ್ಟುಕೊಡಲಿಲ್ಲ. ಹೆಂಗಸರನ್ನು ಕೆಲಸಕ್ಕಿಟ್ಟುಕೊಳ್ಳುವದರಲ್ಲಿ ಅವನಿಗೆ ಲಾಭವಿದೆ. ಲಾಭವನ್ನು ಉಣ್ಣುವವನು ಭಾರದಲ್ಲಿ ಪಾಲುಗಾರನಾಗಬೇಕೆಂದರು.

ಈ ಮಾತಿನ ತೂಕವನ್ನು ನಾವು ಸರಿಯಾಗಿ ಅಳೆದುಕೊಳ್ಳಬೇಕು. ಅವರು ದಯೆಯನ್ನು ಬೇಡಲಿಲ್ಲ, ಧರ್ಮಾರ್ಥ ದವಾಖಾನೆಯನ್ನು ಹೊಗಳಲಿಲ್ಲ. ಕಾಯ್ದಿಟ್ಟ ಖಾತೆಗಳ ಸಾಲಿಗೆ ತಾಯಿಯನ್ನು ತಂದು ಕೂಡ್ರಿಸಿದರು. ವಿಪಕ್ಷದಲ್ಲಿ ಕುಳಿತ ಸದಸ್ಯನೊಬ್ಬನು ಸರಕಾರದ ಖರ್ಚನ್ನು ಹೆಚ್ಚಿಸಿರೆಂದು ಹೇಳುವದು ಸುಲಭವಾದ ಕೆಲಸ. ಆದರೆ ಖರ್ಚು ಯಾರದು, ಏಕೆ, ಎಷ್ಟರಮಟ್ಟಿಗೆ ಎಂದು ತತ್ತ್ವವನ್ನು ಬಿಡಿಸಿ ಹೇಳುವದು ಕಠಿಣ. ಇಂದು ಬೆಂಬಲದ ಹೇಳಿಕೆಗಳನ್ನು ಪತ್ರಿಕೆಗಳಿಗೆ ಕಳಿಸಿ ಸುಮ್ಮನಾಗುವ ಮಹನೀಯರು ಆ ಚಿಕ್ಕ ಭಾಷಣವನ್ನೊಮ್ಮೆ ಓದಿಕೊಳ್ಳುವದು ಒಳಿತು.

ಗೋಕಾಕದವರಿಗೆ ಈ ಚರ್ಚೆಯು ದೂರದ ಮುಂಬಯಿಯದಾಗಿರಲಿಲ್ಲ. ಘಟಪ್ರಭೆಯು ಸುಮಾರು ನೂರಾ ಎಪ್ಪತ್ತು ಅಡಿಗಳ ಬಂಡೆಯಿಂದ ಧುಮುಕುವ ಗೋಕಾಕ ಫಾಲ್ಸಿನಲ್ಲಿ ಹೊಳೆಯ ನೀರಿನ ಬಲದಿಂದಲೇ ನಡೆಯುವ ಹತ್ತಿಯ ಗಿರಣಿಯು 1887ರಿಂದ ನೂಲು ತೆಗೆಯುತ್ತ ಬಂದಿತ್ತು. ಸುತ್ತಣ ಹಳ್ಳಿಗಳ ಎಷ್ಟೋ ಕುಟುಂಬಗಳಿಗೆ ಹೊಲ ಬಿಟ್ಟರೆ ಗಿರಣಿ, ಗಿರಣಿ ಬಿಟ್ಟರೆ ಹೊಲ. ಹೊಲದಲ್ಲಿ ದುಡಿದು ದಣಿದ ಬಸುರಿಯು ಮರದ ನೆರಳಿನಲ್ಲಿ ಅರೆಗಳಿಗೆ ಕುಳಿತಾಳು. ಭೋಂಗಾ ಕೂಗಿದ ಮೇಲೆ ಯಂತ್ರದ ಮುಂದೆ ನಿಂತವಳು ಎಲ್ಲಿ ಕುಳಿತಾಳು?

1929ರಲ್ಲಿ ಮುಂಬಯಿಯ ಪ್ರಸೂತಿ ಸಹಾಯ ಕಾಯಿದೆಯು ಅಂಗೀಕೃತವಾಯಿತು. ಹಿಂದುಸ್ಥಾನದಲ್ಲಿಯೇ ಈ ಬಗೆಯ ಮೊದಲನೆಯ ಕಾಯಿದೆ ಅದು. ದಿನಕ್ಕೆ ಎಂಟಾಣೆಯಂತೆ ಸಹಾಯಧನವು ಗೊತ್ತಾಯಿತು. ಕಾರ್ಮಿಕರ ಸ್ಥಿತಿಯನ್ನು ವಿಚಾರಿಸಿದ ವ್ಹಿಟ್ಲೆ ಆಯೋಗವು 1931ರಲ್ಲಿ ಇಂಥ ಕಾಯಿದೆಯು ದೇಶಕ್ಕೆಲ್ಲ ಬೇಕೆಂದು ಹೇಳಿತು. 1943ರಲ್ಲಿ ಅಂಬೇಡಕರರು ವೈಸರಾಯರ ಮಂಡಲದ ಕಾರ್ಮಿಕ ಸದಸ್ಯರಾಗಿದ್ದಾಗ ಗಣಿಗಳ ಸ್ತ್ರೀಯರ ಪ್ರಸೂತಿ ಸಹಾಯದ ಕಾಯಿದೆಗೆ ತಿದ್ದುಪಡಿಯನ್ನು ತಂದರು. ಸ್ವಾತಂತ್ರ್ಯಾನಂತರ 1961ರಲ್ಲಿ ಅಖಿಲ ಭಾರತದ ಕಾಯಿದೆಯಾಯಿತು. 2017ರಲ್ಲಿ ರಜೆಯ ಅವಧಿಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಲಾಯಿತು.

ಇದಿಷ್ಟು ಕೀರ್ತಿಯ ಕಥೆ. ಅದರೊಳಗೆ ಒಂದು ಮುಳ್ಳೂ ಇದೆ. 1929ರ ಕಾಯಿದೆಯಲ್ಲಿ ಅಂಬೇಡಕರರ ವಾದದ ಅರ್ಧವಷ್ಟೇ ಉಳಿಯಿತು. ಭಾರವನ್ನೆಲ್ಲ ಮಾಲಿಕನ ಮೇಲೆ ಹೊರಿಸಿ ಸರಕಾರವು ಕೈತೊಳೆದುಕೊಂಡಿತು. ಮಾಲಿಕನು ವ್ಯಾಪಾರಿ, ಹೆಂಗಸರನ್ನಿಟ್ಟುಕೊಂಡರೆ ಖರ್ಚು ಹೆಚ್ಚೆಂದು ಕಂಡ ಮೇಲೆ ಅವನು ಏನು ಮಾಡುವನೆಂಬದನ್ನು ಊಹಿಸಲು ಪಾಂಡಿತ್ಯ ಬೇಕಾಗಿಲ್ಲ. ಮುಂಬಯಿಯ ಗಿರಣಿಗಳಲ್ಲಿ ಸ್ತ್ರೀ ಕೂಲಿಕಾರರ ಪ್ರಮಾಣವು ಮುಂದಿನ ದಶಕಗಳಲ್ಲಿ ಇಳಿಯುತ್ತಲೇ ಹೋಯಿತು. ರಾತ್ರಿಯ ಪಾಳಿಯ ನಿಷೇಧ, ಹೊಸ ಯಂತ್ರಗಳು ಮೊದಲಾದ ಕಾರಣಗಳೂ ಇದ್ದುವು. ಆದರೆ ಈ ಭಾರವೂ ಒಂದು ಕಾರಣವಾಗಿದ್ದಿತು. ಸರಕಾರವು ತನ್ನ ಪಾಲನ್ನು ಕೊಡದಿದ್ದಾಗ ಕಾಯಿದೆಯು ಯಾರನ್ನು ರಕ್ಷಿಸಲು ಹುಟ್ಟಿತೋ ಅವರನ್ನೇ ಗಿರಣಿಯ ಬಾಗಿಲಿನಿಂದ ಹೊರಗೆ ಕಳಿಸುವ ಅಪಾಯವಿರುತ್ತದೆ.

ಇನ್ನೊಂದು ಕೊರತೆಯು ಇದಕ್ಕೂ ದೊಡ್ಡದು. ಗಿರಣಿ ಕಾರಖಾನೆಗಳ ಕಾಯಿದೆಯಲ್ಲಿ ಹೊಲದ ಕೂಲಿಯವಳು ಬರಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳೆಂದರೆ ಇಂದು ಕಬ್ಬಿನ ನಾಡು. ಧೂಪದಾಳದ ಒಡ್ಡು, ಹುಕ್ಕೇರಿ ತಾಲೂಕಿನ ಹಿಡಕಲ್ಲಿನ ಜಲಾಶಯ, ಅವುಗಳಿಂದ ಹೊರಟ ಕಾಲುವೆಗಳು, ಸಂಕೇಶ್ವರದ ಹಿರಣ್ಯಕೇಶಿ ಕಾರಖಾನೆಯಿಂದ ಮೊದಲುಗೊಂಡು ಸಕ್ಕರೆಯ ಕಾರಖಾನೆಗಳು, ಇವುಗಳ ಸಿರಿಯನ್ನು ನಾವು ಕೊಂಡಾಡುತ್ತೇವೆ. ಆ ಸಿರಿಯನ್ನು ಕಡಿದು ಹೊರೆ ಕಟ್ಟುವವಳಿಗೆ ಯಾವ ಮಾಲಿಕನ ಹಾಜರಿ ಪುಸ್ತಕದಲ್ಲಿಯೂ ಹೆಸರಿಲ್ಲ. ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಕಬ್ಬು ಕಡಿಯಲು ಪ್ರತಿ ಹಂಗಾಮಿಗೂ ಹೊರಡುವ ಟೋಳಿಗಳು ಕರ್ನಾಟಕದ ಸೀಮೆಗೂ ಬರುತ್ತವೆ. ಆ ಜಿಲ್ಲೆಯ ಕೂಲಿ ಹೆಣ್ಣುಮಕ್ಕಳಲ್ಲಿ ಸಾವಿರಾರು ಜನರು ಎಳೆಯ ವಯಸ್ಸಿನಲ್ಲಿಯೇ ಗರ್ಭಕೋಶವನ್ನು ತೆಗೆಸಿಕೊಂಡಿದ್ದರೆಂಬ ಸಂಗತಿಯು 2019ರಲ್ಲಿ ಸರಕಾರಿ ವಿಚಾರಣೆಗೆ ವಿಷಯವಾಯಿತು. ಕೆಲಸ ತಪ್ಪಿದರೆ ದಂಡವಾಗುವ ಬಾಳಿನಲ್ಲಿ ತಾಯ್ತನದ ಅಂಗವೇ ಹೊರೆಯಾಗುವದೆಂದರೆ ಅದಕ್ಕಿಂತ ಲಜ್ಜೆಯ ವಿಷಯವಾವದು?

ಈಗ ಲೆಕ್ಕ ಹಾಕಿ ನೋಡೋಣ. ದೊಡ್ಡ ಕಚೇರಿಯ ಸ್ತ್ರೀಗೆ 26 ವಾರ, ಎಂದರೆ 182 ದಿನಗಳ ಪೂರ್ಣ ವೇತನ. ಅದು ಸರಿಯೇ, ಅದರಲ್ಲಿ ಒಂದು ದಿನವೂ ಕಡಿಮೆಯಾಗಬಾರದು. ಹೊಲದ ಹೆಣ್ಣುಮಗಳಿಗೆ 2017ರಲ್ಲಿ ಆರಂಭವಾದ ಮಾತೃವಂದನಾ ಯೋಜನೆಯಿಂದ ಮೊದಲ ಮಗುವಿಗೆ ಗೊತ್ತಾದುದು 5,000 ರೂಪಾಯಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿಯ ದಿನಗೂಲಿಯು 370 ರೂಪಾಯಿ ಇತ್ತು. ಆ ದರದಿಂದ ಭಾಗಿಸಿದರೆ 5,000 ರೂಪಾಯಿಯು ಹದಿನಾಲ್ಕು ದಿನಗಳ ಕೂಲಿಯೂ ಆಗುವದಿಲ್ಲ. ಇದರ ಮೇಲೆ 2013ರ ಆಹಾರ ಭದ್ರತಾ ಕಾಯಿದೆಯು ಗರ್ಭಿಣಿಗೆ ಕಡಮೆಯೆಂದರೆ 6,000 ರೂಪಾಯಿ ಸಲ್ಲಬೇಕೆಂದು ಬರೆದಿಟ್ಟಿತ್ತು. ಮೊದಲ ಮಗುವಿನ ತಾಯಿಗೆ ಯೋಜನೆಯು ಅದನ್ನೂ ಮುಟ್ಟಲಿಲ್ಲ. ಮಗ್ಗುಲಿನ ತಮಿಳುನಾಡಿನಲ್ಲಿ 1927ರಲ್ಲಿಯೇ ಮದ್ರಾಸಿನ ಕಾಯಿದೆ ಕೌನ್ಸಿಲನ್ನು ಪ್ರವೇಶಿಸಿದ ಡಾಕ್ಟರ ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿನ ಯೋಜನೆಯಿದೆ. ಅಲ್ಲಿ ಈ ಸಹಾಯವನ್ನು 2018ರಿಂದ 18,000 ರೂಪಾಯಿಗೆ ಏರಿಸಲಾಯಿತು. ಶಾಸಕಿಯ ಹೆಸರನ್ನು ಕಲ್ಲಿನ ಮೇಲೆ ಕೆತ್ತುವದಕ್ಕಿಂತ ಬಾಣಂತಿಯ ಕೈಗೆ ಹೋಗುವ ಹಣದ ಮೇಲೆ ಬರೆಯುವದು ಎಷ್ಟೋ ಮೇಲು.

ಹೆರಿಗೆಯು ದವಾಖಾನೆಗೆ ಬಂದುದು ನಿಜ. 1992-93ರ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲಕ್ಕೆ ಕರ್ನಾಟಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆಗಳು ಮನೆಯಲ್ಲಿಯೇ ಆಗುತ್ತಿದ್ದುವು. 2019-21ರ ಸಮೀಕ್ಷೆಯಲ್ಲಿ ನೂರಕ್ಕೆ 97 ಹೆರಿಗೆಗಳು ದವಾಖಾನೆಗಳಲ್ಲಾದುವು. 2005ರ ಜನನಿ ಸುರಕ್ಷಾ ಯೋಜನೆ, 2008ರಲ್ಲಿ ಬಂದ 108ರ ವಾಹನ, 2017ರಲ್ಲಿ ಅಂಗನವಾಡಿಗಳಲ್ಲಿ ಆರಂಭವಾದ ಮಾತೃಪೂರ್ಣದ ಊಟ, ಎಲ್ಲಕ್ಕಿಂತ ಹೆಚ್ಚಾಗಿ ಮನೆ ಮನೆ ಅಲೆಯುವ ಆಶಾ ಕಾರ್ಯಕರ್ತೆಯರ ಕಾಲುಗಳು ಈ ಕೆಲಸವನ್ನು ಮಾಡಿದುವು. ಈ ಕಾರ್ಯಕರ್ತೆಯರೇ ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ಭರವಸೆಗಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಬೀದಿಯಲ್ಲಿ ಕೂಡ್ರಬೇಕಾಯಿತೆಂಬದನ್ನೂ ಇಲ್ಲಿಯೇ ಹೇಳಿಬಿಡಬೇಕು. ಪರಿಣಾಮವೂ ಕಂಡಿದೆ. ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆಯು ಕರ್ನಾಟಕದಲ್ಲಿ 2001-03ರಲ್ಲಿ 228 ಇದ್ದುದು 2018-20ರಲ್ಲಿ 69ಕ್ಕೆ ಇಳಿಯಿತು. ಆದರೆ ಅದೇ ಅವಧಿಯಲ್ಲಿ ತಮಿಳುನಾಡಿನದು 54, ಕೇರಳದ್ದು 19. ದಕ್ಷಿಣದ ರಾಜ್ಯಗಳಲ್ಲೆಲ್ಲ ನಮ್ಮದೇ ಹೆಚ್ಚು.

ತಾಯಿಯು ದವಾಖಾನೆಯ ಬಾಗಿಲಿಗೆ ಬಂದ ಮೇಲೆಯೂ ಸಾಯುವದೇಕೆ? ಹೆರಿಗೆಯ ಅನಂತರದ ರಕ್ತಸ್ರಾವವು ಗಳಿಗೆಗಳನ್ನು ಲೆಕ್ಕಿಸುವ ಬೇನೆ. ಕೆಲವೇ ತಾಸುಗಳಲ್ಲಿ ಗಟ್ಟಿಮುಟ್ಟಾದವಳನ್ನೂ ಕೊಂಡೊಯ್ಯಬಲ್ಲದು. ನಮ್ಮ ಹೆಣ್ಣುಮಕ್ಕಳಲ್ಲಿಯೋ ಹತ್ತಿರ ಹತ್ತಿರ ಅರ್ಧದಷ್ಟು ಜನರು ಮೊದಲೇ ರಕ್ತಹೀನರು. ಅಂಥವಳಿಗೆ ಬೇಕಾದುದು ಕಟ್ಟಡವಲ್ಲ. ರಾತ್ರಿ ಎರಡು ಗಂಟೆಗೂ ಶಸ್ತ್ರಕ್ರಿಯೆ ಮಾಡಬಲ್ಲ ತಜ್ಞೆ, ಅರಿವಳಿಕೆ ಕೊಡುವ ಡಾಕ್ಟರು, ತಣ್ಣಗಿನ ಪೆಟ್ಟಿಗೆಯಲ್ಲಿ ನಾಲ್ಕು ಬಾಟಲಿ ರಕ್ತ, ಇಷ್ಟು ಒಂದೇ ಸೂರಿನ ಕೆಳಗಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಬೆಳಗಾವಿಗೆ ಒಯ್ಯಿರೆಂಬ ಚೀಟಿಯೇ ಚಿಕಿತ್ಸೆಯಾಗುತ್ತದೆ. ಗೋಕಾಕದಿಂದ ಬೆಳಗಾವಿಯು ಅರವತ್ತು ಕಿಲೋಮೀಟರುಗಳ ಹಾದಿ. ಮೂಡಲಗಿಯ ಕಡೆಯ ಹಳ್ಳಿಗಳಿಂದ ಇನ್ನೂ ದೂರ. ಮೂಡಲಗಿಯನ್ನು ಗೋಕಾಕದಿಂದ ಬೇರ್ಪಡಿಸಿ ತಾಲೂಕು ಮಾಡಬೇಕೆಂದು ಜನರು ಹೋರಾಡಿ ಪಡೆದುದು ತಹಸೀಲದಾರ ಕಚೇರಿಯ ಫಲಕಕ್ಕಾಗಿ ಅಲ್ಲ.

ಮಳೆಗಾಲದಲ್ಲಿ ಆ ಹಾದಿಯೂ ಮುಚ್ಚುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕದ ತಗ್ಗಿನ ಓಣಿಗಳನ್ನು ನುಂಗಿತು. ಲೋಳಸೂರಿನ ಸೇತುವೆಯು ನೀರೊಳಗಾಯಿತು. 2024ರ ಜುಲೈಯಲ್ಲಿಯೂ ಅದೇ ಕಥೆ. ದಿನ ತುಂಬಿದ ಬಸುರಿಯೊಬ್ಬಳು ಹೊಳೆಯ ಆಚೆ, ದವಾಖಾನೆಯು ಈಚೆ ಇರುವಾಗ ಎತ್ತರದ ಸೇತುವೆಯ ಖರ್ಚನ್ನು ಯಾವ ಖಾತೆಯಲ್ಲಿ ಬರೆಯೋಣ, ರಕ್ಷಣೆಯಲ್ಲೋ ಆರೋಗ್ಯದಲ್ಲೋ? ಅಂಥ ದಿನಗಳಲ್ಲಿ ಪೋಲೀಸರೂ ಅಗ್ನಿಶಾಮಕದವರೂ ದೋಣಿಗಳನ್ನು ತಂದು ಜನರನ್ನು ಈಚೆ ದಾಟಿಸುತ್ತಾರೆ. ಎರಡು ಖಾತೆಗಳೂ ಅಲ್ಲಿ ಒಂದೇ ದೋಣಿಯಲ್ಲಿ ಕುಳಿತಿರುತ್ತವೆ.

ಈ ಐಕ್ಯವನ್ನು ನಮ್ಮ ಹಿರಿಯರು ಕಂಡುಕೊಂಡಿದ್ದರು. 1923ರಲ್ಲಿ ಹಿಂದುಸ್ಥಾನಿ ಸೇವಾದಳವನ್ನು ಕಟ್ಟಿ ಸತ್ಯಾಗ್ರಹದ ಸೈನಿಕರಿಗೆ ಶಿಸ್ತನ್ನು ಕಲಿಸಿದ ಡಾಕ್ಟರ ನಾ. ಸು. ಹರ್ಡೀಕರರು ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮದ ಕೆಲಸಕ್ಕೂ ತಮ್ಮನ್ನು ತೆತ್ತುಕೊಂಡರು. ಮುಂದೆ 1952ರಿಂದ ರಾಜ್ಯಸಭೆಯ ಸದಸ್ಯರೂ ಆದರು. ದಳವನ್ನು ಕಟ್ಟಿದ ಕೈಯೇ ರೋಗಿಯ ನಾಡಿಯನ್ನೂ ಹಿಡಿಯಿತು.

ಹಣವನ್ನು ಮಂಜೂರು ಮಾಡಿದರೆ ಮುಗಿಯಿತೆನ್ನುವವರಿಗೆ ಬಳ್ಳಾರಿಯು ಉತ್ತರ ಹೇಳಿದೆ. 2024ರ ಕೊನೆಯಲ್ಲಿ ಅಲ್ಲಿಯ ಸರಕಾರಿ ದವಾಖಾನೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ತಾಯಂದಿರಲ್ಲಿ ಐವರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಶಿರೆಯೊಳಗೆ ಹರಿಸಿದ ದ್ರಾವಣದ ಮೇಲೆ ಸಂಶಯವು ಬಂದಿತು. ರಾಜ್ಯದ ಔಷಧ ನಿಯಂತ್ರಣಾಧಿಕಾರಿಯನ್ನು ಅಮಾನತಿನಲ್ಲಿಡಲಾಯಿತು. ಡಿಸೆಂಬರದಲ್ಲಿ ಬೆಳಗಾವಿಯ ಸುವರ್ಣಸೌಧದಲ್ಲಿ ನಡೆದ ಅಧಿವೇಶನದಲ್ಲಿ ಇದೇ ವಿಷಯವಾಗಿ ಬಿರುಸಿನ ಚರ್ಚೆಯಾಯಿತು. ಆ ತಾಯಂದಿರು ಮನೆಯಲ್ಲಿ ಉಳಿದವರಲ್ಲ. ಸರಕಾರವು ಕರೆದಲ್ಲಿಗೆ ಬಂದವರು, ಸರಕಾರವು ಕೊಂಡ ಔಷಧವನ್ನು ನಂಬಿದವರು. ದಂಡಿನವನ ಕೈಗೆ ಪರೀಕ್ಷಿಸದ ಮದ್ದುಗುಂಡನ್ನು ಕೊಡುವ ಸೇನಾಧಿಕಾರಿಯನ್ನು ನಾವು ಏನೆಂದು ಕರೆಯುತ್ತೇವೆ?

ಆ ದುರಂತದ ಬೆನ್ನಿಗೆ ಬಂದ 2025-26ರ ರಾಜ್ಯದ ಅಂದಾಜುಪತ್ರಕವು ಒಟ್ಟು 4,09,549 ಕೋಟಿ ರೂಪಾಯಿಗಳದು. ಗೃಹ ಮತ್ತು ಸಾರಿಗೆಗೆ 20,625 ಕೋಟಿ, ಆರೋಗ್ಯಕ್ಕೆ 17,473 ಕೋಟಿ ತೆಗೆದಿರಿಸಲಾಯಿತು. ತಾಯಂದಿರ ಮರಣವನ್ನು ತಡೆಯುವ ಕಾರ್ಯಕ್ಕೆಂದೇ 320 ಕೋಟಿ ರೂಪಾಯಿಗಳ ಘೋಷಣೆಯಾಯಿತು. ನಾವು ಇದನ್ನು ಸ್ವಾಗತಿಸಿದವರೇ. ಆದರೆ ಘೋಷಣೆಯಾದ ಹಣವು ಬೆಂಗಳೂರಿನಿಂದ ಹೊರಟು ಹಳ್ಳಿಯ ಹಾಸಿಗೆಯವರೆಗೆ ಬರುವಷ್ಟರಲ್ಲಿ ಎಲ್ಲೆಲ್ಲಿ ತಂಗುತ್ತದೆಂಬದನ್ನು ಅಧಿಕಾರಿಗಳಾದ ನಮ್ಮ ವಾಚಕರು ನಮಗಿಂತ ಚೆನ್ನಾಗಿ ಬಲ್ಲರು. ಮಂಜೂರಾದ ಹುದ್ದೆಯು ಬೇರೆ, ತುಂಬಿದ ಹುದ್ದೆಯು ಬೇರೆ; ತುಂಬಿದ ಹುದ್ದೆಯು ಬೇರೆ, ರಾತ್ರಿ ಊರಲ್ಲಿರುವ ಡಾಕ್ಟರು ಬೇರೆ.

ಪ್ರಸೂತಿ ಪರಿಹಾರಕ್ಕಾಗಿ ರಾಜ್ಯವು ಏರ್ಪಾಡು ಮಾಡತಕ್ಕದ್ದೆಂದು ರಾಜ್ಯಘಟನೆಯ 42ನೆಯ ಅನುಚ್ಛೇದವು ಹೇಳುತ್ತದೆ. ಅದು ನಿರ್ದೇಶಕ ತತ್ತ್ವ. ನ್ಯಾಯಾಲಯದ ಮುಂದೆ ಅದಕ್ಕೆ ಬಲವಿಲ್ಲವೆಂದು ಕೆಲವರು ಮೂಗು ಮುರಿಯುವದುಂಟು. ಇದಕ್ಕೂ ಅಂಬೇಡಕರರೇ 1948ರ ನವೆಂಬರ 4ರಂದು ಘಟನಾಸಭೆಯಲ್ಲಿ ಉತ್ತರವನ್ನು ಕೊಟ್ಟಿದ್ದಾರೆ. ಅಧಿಕಾರಕ್ಕೆ ಬಂದವನು ಈ ತತ್ತ್ವಗಳನ್ನು ಮೀರಿದರೆ ನ್ಯಾಯಾಲಯದಲ್ಲಿ ಅಲ್ಲದಿದ್ದರೂ ಚುನಾವಣೆಯಲ್ಲಿ ಮತದಾರರ ಮುಂದೆ ಜವಾಬು ಕೊಡಲೇಬೇಕಾಗುತ್ತದೆಂದು ಅವರು ಹೇಳಿದರು. ಆ ಜವಾಬನ್ನು ಕೇಳುವ ಕೆಲಸವು ಈಗ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮತದಾರರದು. ತಮ್ಮ ಶಾಸಕರು ಮುಂದಿನ ಅಧಿವೇಶನಕ್ಕೆ ಹೊರಡುವ ಮೊದಲು ಅವರು ಕೇಳಲಿ: 320 ಕೋಟಿಗಳಲ್ಲಿ ನಮ್ಮ ಮೂರು ತಾಲೂಕುಗಳಿಗೆ ಬಂದುದೆಷ್ಟು? ಯಾವ ದವಾಖಾನೆಯಲ್ಲಿ ಇಂದು ರಾತ್ರಿ ರಕ್ತವಿದೆ, ಯಾವದರಲ್ಲಿ ಇಲ್ಲ? ಹೋದ ವರುಷ ಈ ತಾಲೂಕುಗಳಲ್ಲಿ ತೀರಿಕೊಂಡ ಒಬ್ಬೊಬ್ಬ ತಾಯಿಯ ಸಾವಿನ ವಿಚಾರಣೆಯು ನಡೆಯಿತೇ, ನಡೆದಿದ್ದರೆ ಕಾರಣವೇನೆಂದು ಬರೆಯಲಾಯಿತು? ಕಬ್ಬಿನ ಹಂಗಾಮಿನಲ್ಲಿ ಪರಸ್ಥಳದಿಂದ ಬಂದ ಗರ್ಭಿಣಿಯ ತಾಯಿ ಕಾರ್ಡನ್ನು ಯಾವ ಊರಿನ ದಾದಿಯು ನೋಡುತ್ತಾಳೆ?